ಬಾವಿಯ ಮೇಲಿನ ಭಂಡಾರ

ಉಗರಗೋಳ
12 ಜೂನ್ 2005

ಮುಖ್ಯಸ್ಥರು, ಮುನ್ನೋಟ ಯೋಜನಾ ಕೋಶ, ಬೆಳಗಾವಿ, ಇವರಿಗೆ.

ಮಾನ್ಯರೇ,

ನೀವು ಸಿದ್ಧಪಡಿಸಿದ ‘ಜಿಲ್ಲಾ ಮುನ್ನೋಟ 2020’ ಎಂಬ ಕರಡು ಪುಸ್ತಕ ನಮ್ಮ ಪಂಚಾಯತಿಗೆ ಬಂದು ವಾರವಾಯಿತು. ಬಂದ ದಿನವೇ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನಾನು ಜಗಳ ಮಾಡಿ ತೆಗೆಸಿ, ಅಲ್ಲಿಯೇ ಬಾಕಿನ ಮೇಲೆ ಕುಳಿತು ಎರಡು ದಿನ ಓದಿದೆ. ಈ ಊರಿನಲ್ಲಿ ಅದನ್ನು ಓದಿದವನು ನಾನೊಬ್ಬನೇ. ಬರೆದವರು ಓದಿದ್ದಾರೋ ಇಲ್ಲವೋ, ನನಗೆ ಅನುಮಾನವಿದೆ. ಏಕೆಂದರೆ ‘ಗ್ರಾಮಸ್ಥರು ಸ್ವಯಂಪ್ರೇರಿತರಾಗಿ ಸೂಚಿಸಿದ್ದಾರೆ’ ಎಂಬ ವಾಕ್ಯ ಕಿತ್ತೂರಿನ ಪುಟದಲ್ಲಿದೆ, ನೇಸರಗಿಯ ಪುಟದಲ್ಲಿದೆ, ರಾಮದುರ್ಗದ ಹಳ್ಳಿಗಳ ಪುಟಗಳಲ್ಲಿ ಹನ್ನೊಂದು ಸಲ ಇದೆ. ಇಷ್ಟು ಊರುಗಳ ಜನ ಒಂದೇ ಬಾಯಿಂದ ಒಂದೇ ಮಾತು ಆಡಿದ್ದನ್ನು ನಾನು ಎಲ್ಲಿಯೂ ಕೇಳಿಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ದಾರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ನಾನು. ಬಸ್ಸಿನಲ್ಲಿ ಇಬ್ಬರ ಮಾತು ಕೂಡಿದ್ದೇ ಅಪರೂಪ.

ಈಗ ಪುಟ 94. ‘ಉಗರಗೋಳ: ಕೆಳಗಿನ ಓಣಿಯ ಹಳೆಯ ಬಾವಿಯನ್ನು ಮುಚ್ಚಿ, ಆ ಸ್ಥಳದಲ್ಲಿ ಯಾತ್ರಿಕರ ವಾಹನ ನಿಲುಗಡೆ ನಿರ್ಮಿಸಲು ಗ್ರಾಮಸ್ಥರು ಸ್ವಯಂಪ್ರೇರಿತರಾಗಿ ಸೂಚಿಸಿದ್ದಾರೆ.’

ಈ ಬಾವಿ ಅರವತ್ತು ಮನೆಗಳಿಗೆ ಕುಡಿಯುವ ನೀರು ಕೊಡುತ್ತದೆ. ನಳದ ನೀರು ಎಂಟು ದಿನಕ್ಕೊಮ್ಮೆ. ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಎಪ್ಪತ್ತೆರಡರ ಬರದಲ್ಲಿ ಮೇಲಿನ ಓಣಿಯವರೂ ಎಲ್ಲಮ್ಮನ ಗುಡ್ಡದ ಪೂಜಾರಿಗಳೂ ಇಲ್ಲಿಗೇ ಕೊಡ ಹಿಡಿದು ಬಂದರು. ಅದನ್ನು ಮುಚ್ಚಿರಿ ಎಂದು ಇದೇ ಜನ ಹೇಳಿದರೇ?

ನನ್ನ ನೆನಪು ಚೆನ್ನಾಗಿದೆ. ಎಂಬತ್ತಾರರಲ್ಲಿ ಒಂದು ಯೋಜನೆ ಬಂತು. ರಸ್ತೆಗೆ ಬಾಗಿಲು ಮಾಡಿ ಹೆಂಗಸರಿಗೆ ಪಾಯಖಾನೆ ಕಟ್ಟಿಸಿದರು. ಇವತ್ತು ಅದರಲ್ಲಿ ತೆಂಗಿನಕಾಯಿ ತುಂಬಿಡುತ್ತಾರೆ. ತೊಂಬತ್ನಾಲ್ಕರಲ್ಲಿ ಇನ್ನೊಂದು ಬಂತು. ನೀರಿನ ಟಾಕಿ ಕಟ್ಟಿಸಿದರು, ಅದಕ್ಕೆ ಪೈಪು ಜೋಡಿಸಲಿಲ್ಲ. ಎರಡೂ ಸಲ ಕೇಳಿದಾಗ ಬಂದ ಉತ್ತರ ಒಂದೇ: ‘ನೀವೇ ಕೇಳಿದ್ದಿರಿ.’ ಪ್ರತಿ ಯೋಜನೆಯೂ ನಮ್ಮನ್ನು ಕೇಳಲು ಬರುತ್ತದೆ. ಆಮೇಲೆ ನಾವು ಏನು ಹೇಳಿದೆವು ಎಂಬುದನ್ನು ನಮಗೇ ತಿಳಿಸಿಕೊಡುತ್ತದೆ.

ಆ ಬಾವಿಯ ಎದುರಿಗೆ ಒಂದು ಬೇವಿನ ಕಟ್ಟೆ ಇದೆ. ನಿವೃತ್ತನಾದ ಏಳು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲಿ ಕುಳಿತು ನಾಲ್ಕು ಜನರಿಗೆ ಪತ್ರಿಕೆ ಓದಿ ಹೇಳುತ್ತೇನೆ. ನೀರಿಗೆ ಬರುವ ಪ್ರತಿಯೊಂದು ಮನೆಯನ್ನೂ ಬಲ್ಲೆ. ಅವರ ಮನಸ್ಸನ್ನೂ ಬಲ್ಲೆ. ಪುಟ 94ನ್ನು ತೆಗೆದುಹಾಕಿ, ನನಗೆ ತಿಳಿಸಿರಿ.

ರಹಿಮಾನಸಾಬ ನದಾಫ


ಮುನ್ನೋಟ ಯೋಜನಾ ಕೋಶ, ಬೆಳಗಾವಿ
27 ಜೂನ್ 2005

ಮಹನೀಯರೇ,

ತಮ್ಮ ಪತ್ರ ತಲುಪಿದೆ. ತಾವು ಪ್ರಸ್ತಾಪಿಸಿರುವ ಅಂಶವನ್ನು ಕಡತದೊಂದಿಗೆ ಪರಿಶೀಲಿಸಲಾಯಿತು.

9 ಮಾರ್ಚ್ 2005ರಂದು ಉಗರಗೋಳದ ಶಾಲೆಯ ಅಂಗಳದಲ್ಲಿ ಗ್ರಾಮಸ್ಥರು ನೆಲದ ಮೇಲೆ ಬಣ್ಣದ ಪುಡಿಗಳಿಂದ ತಮ್ಮ ಊರಿನ ನಕ್ಷೆಯನ್ನು ತಾವೇ ಬಿಡಿಸಿದ್ದಾರೆ. ಬಿಳಿ ಎಂದರೆ ಈಗ ಇರುವುದು. ಕೆಂಪು ಎಂದರೆ ಹೊಸದಾಗಿ ಆಗಬೇಕಾದುದು. ಹಳದಿ ಎಂದರೆ ತೆಗೆಯಬೇಕಾದುದು. ಈ ವಿವರಣೆಯನ್ನು ಸ್ಥಳದಲ್ಲಿ ಓದಿ ಹೇಳಲಾಗಿದೆ. ಆ ಬಳಿಕ ಮಹಿಳೆಯರು ಬಾವಿಯ ಗುರುತಿನ ಮೇಲೆ ಹಳದಿ ಪುಡಿ ಹಾಕಿದ್ದಾರೆ. ನಕ್ಷೆಯ ಹಾಳೆಯ ಕೆಳಗೆ ನಲವತ್ತೊಂದು ಮಹಿಳೆಯರ ಹೆಬ್ಬೆಟ್ಟು ಹಾಗೂ ಒಬ್ಬ ಸಾಕ್ಷಿದಾರರ ಸಹಿ ಇವೆ. ನಕ್ಷೆಯ ಛಾಯಾಚಿತ್ರದ ನೆರಳಚ್ಚು ಪ್ರತಿಯನ್ನು ಲಗತ್ತಿಸಿದೆ.

ಆಕ್ಷೇಪಣೆ ಇದ್ದಲ್ಲಿ, ಆ ದಿನ ಸ್ಥಳದಲ್ಲಿ ಹಾಜರಿದ್ದವರ ಲಿಖಿತ ಹೇಳಿಕೆಯೊಂದಿಗೆ ಜುಲೈ 31ರೊಳಗೆ ಸಲ್ಲಿಸುವುದು.

ಭಾಗೀರಥಿ ಹೊಸಮನಿ
ಕ್ಷೇತ್ರ ಸಂಯೋಜಕಿ


ಉಗರಗೋಳ
4 ಜುಲೈ 2005

ಶ್ರೀಮತಿ ಹೊಸಮನಿ ಅವರಿಗೆ,

ನೀವು ಕಳಿಸಿದ ನೆರಳಚ್ಚಿನಲ್ಲಿ ಎಲ್ಲವೂ ಕಪ್ಪು. ಬಣ್ಣದ ಮೇಲೆ ಊರಿನ ಹಣೆಬರಹ ಬರೆದವರು ಬಣ್ಣವೇ ಇಲ್ಲದ ಚಿತ್ರ ಕಳಿಸುತ್ತೀರಿ. ಪಂಖದ ಕೆಳಗೆ ಕುಳಿತು ಉಗರಗೋಳವನ್ನು ನೋಡಿದರೆ ಹೀಗೆಯೇ ಕಾಣುತ್ತದೆ. ನೀವು ಎಲ್ಲಿಯವರೋ ನನಗೆ ಗೊತ್ತಿಲ್ಲ. ಗುಡ್ಡದ ಸೀಮೆಯವರಂತೂ ಅಲ್ಲ.

ನಿಮ್ಮ ಪತ್ರ ಬಂದ ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ನಿಂತು ಎಲ್ಲರಿಗೂ ಓದಿ ಹೇಳಿದೆ. ಕೃಷ್ಣವ್ವ ಕೊಡ ಕೆಳಗಿಟ್ಟಳು. ಓಣಿಯ ಹೆಂಗಸರಲ್ಲಿ ಎದುರು ನಿಂತು ಮಾತಾಡುವವಳು ಆಕೆ.

“ನಾವ್ಯಾಕ ಬಾವಿ ಮುಚ್ಚರಿ ಅನ್ನೂಣು, ಕಾಕಾ? ನಮಗೇನ ಹುಚ್ಚ ಹಿಡದೈತೇನು? ಭಂಡಾರ ಹಾಕಿ ಹಣಿಗೆ ಹಚಗೊಂಡೇವಿ. ಇದನ್ನ ಯಾರೂ ಮುಟ್ಟಬ್ಯಾಡ್ರಿ ಅಂತ ಅದರ ಅರ್ಥ.”

ಎಂಬತ್ತು ದಾಟಿದ ರಾಯವ್ವ ಅಲ್ಲಿಯೇ ಕುಳಿತಿದ್ದಳು. “ಗುಡ್ಡದಾಕಿ ಭಂಡಾರ ಬಿದ್ದದ್ದನ್ನ ತಗೀತಾರಂದ್ರ, ಅವರನ್ನ ಹಡದಾಕಿ ಏನ ಕಲಸ್ಯಾಳಂತ ಕೇಳಿ ಬರೀರಿ,” ಎಂದಳು. ಕೇಳಿದ್ದೇನೆ.

ನನ್ನ ಹೆಂಡತಿ ಜುಬೇದಾಬಿಯೂ ಅಂದಳು: “ನಾನೂ ಒಂದ ಚಿಟಿಕಿ ಹಾಕೇನಿ. ನೀರ ಕುಡಿಯೂದು ನಾವೂ ಅಲ್ಲೇ ಅಲ್ಲೇನು?” ಆಮೇಲೆ ನನ್ನ ಕಡೆ ತಿರುಗಿ, “ಬಾವಿ ಉಳೀಲಿ. ಎದರಿಗಿನ ನಿಮ್ಮ ಕಟ್ಟಿ ಹೋದ್ರ ಇನ್ನಷ್ಟ ಚೊಲೊ,” ಎಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಈಗ ತಿಳಿಯಿತೇ? ನಿಮ್ಮವರು ಬಣ್ಣದ ಪುಡಿ ಎಂದು ಹೆಂಗಸರ ಕೈಗೆ ಕೊಟ್ಟದ್ದು ಎಲ್ಲಮ್ಮನ ಭಂಡಾರ. ಗುಡ್ಡಕ್ಕೆ ಬಂದವರೆಲ್ಲ ಹಣೆಗೆ ಹಚ್ಚಿಕೊಂಡು ಹೋಗುವ ಅರಿಶಿನದ ಪುಡಿ. ಇಲ್ಲಿ ಹೊಸ ಎತ್ತಿಗೆ ಭಂಡಾರ ಹಾಕುತ್ತೇವೆ, ಹೊಸ್ತಿಲಿಗೆ ಹಾಕುತ್ತೇವೆ, ತೊಟ್ಟಿಲಿಗೆ ಹಾಕುತ್ತೇವೆ. ಉಳಿಯಬೇಕಾದದ್ದಕ್ಕೆ ಮಾತ್ರ ಹಾಕುತ್ತೇವೆ. ಅದನ್ನು ಹೆಂಗಸರ ಕೈಗೆ ಕೊಟ್ಟು, ಅವರು ಬಾವಿಗೆ ಹಾಕಿದ ಮೇಲೆ, ‘ತೆಗೆಯಿರಿ ಎಂದರು’ ಎಂದು ಬರೆದುಕೊಂಡು ಹೋದಿರಿ. ಭಂಡಾರ ತಂದವರು ನಿಮ್ಮ ಕಚೇರಿಯವರು. ಆ ತಪ್ಪನ್ನು ಒಪ್ಪಿಕೊಳ್ಳಿರಿ.

ಆ ದಿನ ನಾನು ಊರಿನಲ್ಲಿರಲಿಲ್ಲ, ಸವದತ್ತಿಗೆ ಹೋಗಿದ್ದೆ. ಇದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ.

ರಹಿಮಾನಸಾಬ ನದಾಫ


ಮುನ್ನೋಟ ಯೋಜನಾ ಕೋಶ, ಬೆಳಗಾವಿ
15 ಜುಲೈ 2005

ಮಹನೀಯರೇ,

ನಕ್ಷೆ ಬಿಡಿಸುವ ಕಾರ್ಯಕ್ಕೆ ಕೋಶದಿಂದ ಸರಬರಾಜಾದ ಬಣ್ಣದ ಪುಡಿಯನ್ನು ಮಾತ್ರ ಬಳಸಲಾಗಿದೆ ಎಂದು ಕ್ಷೇತ್ರ ವರದಿಯಲ್ಲಿ ದಾಖಲಾಗಿದೆ. ಭಂಡಾರ ಬಳಸಿದ ಬಗ್ಗೆ ಯಾವುದೇ ಉಲ್ಲೇಖವಿಲ್ಲ. ಆದ್ದರಿಂದ ತಮ್ಮ ಆಕ್ಷೇಪಣೆಯನ್ನು ಪರಿಗಣಿಸಲು ಬರುವುದಿಲ್ಲ.

ಭಾಗೀರಥಿ ಹೊಸಮನಿ
ಕ್ಷೇತ್ರ ಸಂಯೋಜಕಿ


ಬೆಳಗಾವಿ
22 ಜುಲೈ 2005

ರಹಿಮಾನಸಾಬ ಅವರಿಗೆ,

ಹದಿನೈದನೆಯ ತಾರೀಖಿನ ಪತ್ರವನ್ನು ಕಚೇರಿಯ ಮೇಜಿನ ಮೇಲೆ ಬರೆದೆ. ಇದನ್ನು ನನ್ನ ಬಾಡಿಗೆ ಕೋಣೆಯಲ್ಲಿ ಬರೆಯುತ್ತಿದ್ದೇನೆ. ಆ ಪತ್ರಕ್ಕೆ ನಿಮ್ಮಿಂದ ಬೈಗುಳ ಬರುತ್ತದೆ ಎಂದು ಒಂದು ವಾರ ಕಾದೆ. ಬರಲಿಲ್ಲ. ಬಂದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ.

ಮಾರ್ಚ್ ಒಂಬತ್ತರಂದು ನಿಮ್ಮ ಊರಿಗೆ ಬಂದವಳು ನಾನೇ. ಕ್ಷೇತ್ರ ವರದಿ ಬರೆದವಳೂ ನಾನೇ. ಕೋಶದ ಪುಡಿಯನ್ನು ಮಾತ್ರ ಬಳಸಿದೆವು ಎಂಬ ಮಾತು ಸುಳ್ಳು. ಹಳದಿ ಪೊಟ್ಟಣ ಬಸ್ಸಿನಲ್ಲಿ ಒಡೆದು ಚೆಲ್ಲಿಹೋಗಿತ್ತು. ಹಾಗೆಂದು ಬರೆದರೆ ‘ಪೊಟ್ಟಣ ಒಯ್ಯುವುದೂ ಬರುವುದಿಲ್ಲವೇ’ ಎಂದು ಕೇಳುತ್ತಾರೆ. ನನ್ನದು ಹನ್ನೊಂದು ತಿಂಗಳ ಕೆಲಸ, ಪ್ರತಿ ವರ್ಷ ಹೊಸದಾಗಿ ಕೊಡುತ್ತಾರೆ. ಅದಕ್ಕೇ ಬರೆಯಲಿಲ್ಲ.

ರಾಯವ್ವ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನನ್ನನ್ನು ಹಡೆದಾಕೆ ಚಚಡಿಯವಳು, ನಾನು ಹುಟ್ಟಿದ್ದೂ ಅಲ್ಲಿಯೇ. ನಮ್ಮ ಮನೆಯ ಗೂಡಿನಲ್ಲಿ ಭಂಡಾರದ ಬಟ್ಟಲು ಇದೆ. ಪರೀಕ್ಷೆಗೆ ಹೊರಟಾಗಲೆಲ್ಲ ನನ್ನ ಹಣೆಗೆ ಅದರಿಂದಲೇ ಹಚ್ಚುತ್ತಿದ್ದಳು.

ಕಚೇರಿಯಲ್ಲಿ ಬಣ್ಣದ ಮೂಲಚಿತ್ರವಿದೆ, ನಿನ್ನೆ ತೆಗೆದು ನೋಡಿದೆ. ಬಾವಿಯ ಮೇಲೆ ಬೊಗಸೆಯಷ್ಟು ಹಳದಿ. ಸುತ್ತ ಐದು ಜನರ ಕೈ ಹಣೆಯ ಮೇಲಿದೆ. ತೆಗೆದುಹಾಕಿ ಎನ್ನುವ ವಸ್ತುವಿಗೆ ಯಾರೂ ಹಾಗೆ ಮಾಡುವುದಿಲ್ಲ. ಆ ದಿನ ನಾನು ಅದನ್ನು ಕಣ್ಣಾರೆ ಕಂಡೆ. ಯಾಕೆ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಸಂಜೆಯೊಳಗೆ ಇನ್ನೂ ಎರಡು ಊರು ಮುಗಿಸಬೇಕಿತ್ತು.

ಈಗ ನಾನು ವರದಿ ತಿದ್ದುತ್ತೇನೆ ಎಂದರೆ, ಊರಿನವರ ಒತ್ತಡಕ್ಕೆ ಮಣಿದಳು ಎನ್ನುತ್ತಾರೆ. ಹಾಜರಿದ್ದ ಒಬ್ಬರು, ಭಂಡಾರ ಹೇಗೆ ಬಂತು, ಬಣ್ಣಗಳ ಅರ್ಥವನ್ನು ಹೆಂಗಸರಿಗೆ ಯಾರು ಓದಿದರು, ಪೂರ್ತಿ ಓದಿದರೋ ಇಲ್ಲವೋ ಎಂದು ಬರೆದುಕೊಡಬೇಕು. ಹಾಳೆಯ ಕೆಳಗೆ ಒಬ್ಬ ಸಾಕ್ಷಿದಾರರ ಸಹಿ ಇದೆ. ಅದು ಯಾರದೆಂದು ನಾನು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.

ಜುಲೈ 31 ಕೊನೆಯ ದಿನ.

ಭಾಗೀರಥಿ


ಬೆಳಗಾವಿ
1 ಆಗಸ್ಟ್ 2005

ರಹಿಮಾನಸಾಬ ಅವರಿಗೆ,

ಅವಧಿ ನಿನ್ನೆ ಮುಗಿಯಿತು. ಉಗರಗೋಳದಿಂದ ಏನೂ ಬರಲಿಲ್ಲ.

ಅಂತಿಮ ಸಮಿತಿ ಆಗಸ್ಟ್ 16ಕ್ಕೆ ಕೂಡುತ್ತದೆ. ಅಲ್ಲಿಯವರೆಗೆ ಬಂದರೆ ಸಭೆಯಲ್ಲಿ ನಾನೇ ಓದುತ್ತೇನೆ. ಅದರಾಚೆಗೆ ನನ್ನ ಕೈಯಲ್ಲಿ ಏನೂ ಇಲ್ಲ.

ಭಾಗೀರಥಿ


ಉಗರಗೋಳ
8 ಆಗಸ್ಟ್ 2005

ಭಾಗೀರಥಿ ಅವರೇ,

ಹದಿನೈದು ದಿನ ನಾನು ಪತ್ರ ಬರೆಯಲಿಲ್ಲ, ಕಟ್ಟೆಗೂ ಹೋಗಲಿಲ್ಲ. ಜ್ವರ ಎಂದು ಹೇಳಿದೆ. ಮನೆಯಲ್ಲಿ ನಂಬಲಿಲ್ಲ.

“ಬೆಳಗಾವಿಗೆ ಬರದ ಪತ್ರದಾಗ, ಆವತ್ತ ಊರಾಗ ಇರಲಿಲ್ಲ ಅಂತ ಬರದೀರಿ,” ಎಂದಳು ಜುಬೇದಾಬಿ.

“ನಿನಗ್ಯಾರ ಹೇಳಿದ್ರು? ನಿನಗ ಓದಾಕ ಬರೂದಿಲ್ಲ.”

“ನೀವು ಬರದದ್ದನ್ನ ನೀವ ಜೋರಾಗಿ ಓದಿಕೊಳ್ತೀರಿ. ಅಡಗಿ ಮನಿತನಾ ಕೇಳಸ್ತೈತಿ. ಹಂಗಾದ್ರ ಆವತ್ತ ನನ್ನ ಕೈಯಾಗ ಪೊಟ್ಟಣ ಕೊಟ್ಟವ್ರು ಯಾರು? ನಿಮ್ಮ ಅಣ್ಣನ?”

ನನಗೆ ಅಣ್ಣ ಇಲ್ಲ. ಆಕೆಗೆ ಅದು ಗೊತ್ತು.

ಹೇಳಿಕೆಯನ್ನು ಬೇರೆ ಹಾಳೆಯಲ್ಲಿ ಬರೆದು, ಸಹಿ ಮಾಡಿ ಲಗತ್ತಿಸಿದ್ದೇನೆ. ಸಮಿತಿಗೆ ಬೇಕಾದಷ್ಟು ಅದರಲ್ಲಿದೆ. ನಿಮಗೆ ಬರೆಯಬೇಕಾದದ್ದು ಇಲ್ಲಿದೆ.

ನಿಮ್ಮನ್ನು ನಾನು ಚೆನ್ನಾಗಿ ನೆನಪಿಟ್ಟಿದ್ದೆ. ಪಂಖದ ಕೆಳಗೆ ಕುಳಿತವರು ಎಂದು ಬರೆದದ್ದು ಬೇರೆ ಯಾರಿಗೋ ಎಂದುಕೊಂಡು. ಆ ದಿನ ಶಾಲೆಗೆ ಬಂದ ಹುಡುಗಿಯ ಹೆಸರನ್ನು ನಾನು ಕೇಳಿರಲೇ ಇಲ್ಲ. ನೀವು ಅಂಗಳದಲ್ಲಿ ನಿಂತು, “ಇಲ್ಲಿ ಹಳದಿ ಪುಡಿ ಎಲ್ಲಿ ಸಿಗತೈತ್ರಿ?” ಎಂದು ಕೇಳಿದಿರಿ. “ಹಳದಿಗೆ ಈ ಊರಾಗ ಬರ ಐತೇನವಾ? ಕುಂತಿರ್ರಿ, ನಾ ತರತೇನಿ,” ಎಂದು ಮಡಿವಾಳೆಪ್ಪನ ಅಂಗಡಿಗೆ ಹೋಗಿ ಭಂಡಾರ ತಂದವನು ನಾನು. ಸರ್ಕಾರದವರು ಅಷ್ಟು ಜನರ ನಡುವೆ ನನ್ನನ್ನೇ ಕೇಳಿದರು ಎಂದು ಹಿಗ್ಗಿದೆ.

ಆಮೇಲೆ ಬಣ್ಣಗಳ ಅರ್ಥ ಬರೆದ ರಟ್ಟನ್ನು, “ನೀವು ಓದಿ ಹೇಳ್ರಿ, ನಿಮ್ಮ ದನಿ ದೊಡ್ಡದೈತಿ,” ಎಂದು ನನ್ನ ಕೈಗೆ ಕೊಟ್ಟಿರಿ. ಮೂರು ಸಾಲು. ಬಿಳಿ ಓದಿದೆ. ಕೆಂಪು ಓದಿದೆ. ಅಷ್ಟರಲ್ಲಿ ನೀವು, ಈ ಬಾವಿ ಎಷ್ಟು ಹಳೆಯದು ಎಂದು ಕೇಳಿದಿರಿ. ನಾನು ಎಪ್ಪತ್ತೆರಡರ ಬರದ ಕಥೆ ಶುರು ಮಾಡಿದೆ. ಅದು ಮುಗಿಯುವಷ್ಟರಲ್ಲಿ ಹೆಂಗಸರು ಭಂಡಾರ ಹಾಕಿಬಿಟ್ಟಿದ್ದರು. ಮೂರನೆಯ ಸಾಲನ್ನು ಅವರಿಗೆ ಯಾರೂ ಓದಿ ಹೇಳಲೇ ಇಲ್ಲ. ರಟ್ಟು ನನ್ನ ಕಂಕುಳಲ್ಲಿತ್ತು. ಆಮೇಲೆ ಹಾಳೆ ಬಂತು, ಸಹಿ ಮಾಡಿದೆ. ಓದದೆ ಸಹಿ ಮಾಡಿದೆ.

ನಿಮ್ಮ ಮೊದಲ ಪತ್ರದಲ್ಲಿ ‘ಹಳದಿ ಎಂದರೆ ತೆಗೆಯಬೇಕಾದುದು’ ಎಂದು ಓದಿದಾಗಲೇ ನನಗೆ ಎಲ್ಲ ತಿಳಿಯಿತು. ಎಂಬತ್ತಾರರ ಸಾಹೇಬರ ಹೆಸರು ನೆನಪಿದೆ, ತೊಂಬತ್ನಾಲ್ಕರ ಇಂಜಿನಿಯರರ ಹೆಸರು ನೆನಪಿದೆ. ಐದು ತಿಂಗಳ ಹಿಂದಿನ ನನ್ನ ಸಹಿ ಮಾತ್ರ ನೆನಪಿಲ್ಲ ಎಂದುಕೊಂಡೆ.

ನೀವು ಒಂದೇ ಸಾಲಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ.

ರಹಿಮಾನಸಾಬ


ಚಚಡಿ
20 ಆಗಸ್ಟ್ 2005

ರಹಿಮಾನ ಕಾಕಾ ಅವರಿಗೆ,

ಕೆಲವು ದಿನ ಊರಿಗೆ ಬಂದಿದ್ದೇನೆ. ಅದಕ್ಕೇ ಇಲ್ಲಿಂದ ಬರೆಯುತ್ತಿದ್ದೇನೆ.

ಹದಿನಾರರಂದು ಸಮಿತಿಯಲ್ಲಿ ನಿಮ್ಮ ಹೇಳಿಕೆಯನ್ನು ಓದಿದೆ. ನನ್ನ ವರದಿಯಲ್ಲಿ ಸುಳ್ಳಿದೆ ಎಂದೂ ಹೇಳಿದೆ. ಒಬ್ಬ ಸದಸ್ಯರು ನಕ್ಕರು. “ನಾವು ನಕ್ಷೆದಾಗ ಬಣ್ಣ ನೋಡ್ತೇವಿ, ಭಕ್ತಿ ನೋಡೂದಿಲ್ಲ,” ಎಂದರು. ಮುಖ್ಯಸ್ಥರು ನಗಲಿಲ್ಲ. ಅವರು ನಿಮ್ಮ ಹೇಳಿಕೆಯನ್ನು ಎರಡು ಸಲ ಓದಿದರು. ಆಮೇಲೆ, “ಒಂದ ಊರಿನ ಪುಟ ತಿದ್ದಿದ್ರ ನಾಳೆ ಎಲ್ಲಾ ಊರವರೂ ಬಂದ ನಿಲ್ತಾರ. ಪುಸ್ತಕ ಛಾಪಖಾನಿಗೆ ಹೋಗೇತಿ,” ಎಂದರು. ಪುಟ 94 ಹಾಗೆಯೇ ಉಳಿಯಿತು.

ಇದಕ್ಕಿಂತ ಕೆಟ್ಟ ಸುದ್ದಿ ಇದೆ. ಜಿಲ್ಲೆಯಲ್ಲಿ ಮಾದರಿ ಎಂದು ಮೊದಲು ಆರಂಭಿಸುವ ಐದು ಕಾಮಗಾರಿಗಳಲ್ಲಿ ನಿಮ್ಮ ಬಾವಿಯೂ ಒಂದು. ಸೆಪ್ಟೆಂಬರ್ 5, ಸೋಮವಾರ, ಬೆಳಿಗ್ಗೆ ಬಾವಿ ತುಂಬಲು ಮುರುಮಿನ ಕೆಂಪು ಮಣ್ಣು ಹೊತ್ತು ಟ್ರಾಕ್ಟರ್ ಬರುತ್ತದೆ. ಸಹಾಯಕ ಇಂಜಿನಿಯರರೂ ಬರುತ್ತಾರೆ. ಅವರು ಬರೆದದ್ದಕ್ಕೆ ಬೆಲೆ ಇದೆ. ಊರಿನವರ ವಿರೋಧವಿದೆ ಎಂದು ಅವರು ಸ್ಥಳದಲ್ಲಿ ಬರೆದರೆ, ಗ್ರಾಮಸಭೆ ಆಗುವವರೆಗೆ ಕೆಲಸ ನಿಲ್ಲಲೇಬೇಕು.

ಈ ದಿನಾಂಕವನ್ನು ನಾನು ನಿಮಗೆ ತಿಳಿಸಬಾರದು. ತಿಳಿಸಿದ್ದೇನೆ.

ಭಾಗೀರಥಿ


ಉಗರಗೋಳ
6 ಸೆಪ್ಟೆಂಬರ್ 2005

ತಂಗಿ ಭಾಗೀರಥಿ,

ನಿನ್ನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಮಾತು ಕಡಿಮೆ ಸೇರಿಸುತ್ತೇನೆ.

ನಾನು ಏಳು ಪುಟದ ಮನವಿ ಬರೆದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದೆ. ಇಂಜಿನಿಯರರು ಬಂದ ಕೂಡಲೇ ಓದುವುದು ಎಂದು. ಅವರು ಬರಲಿಲ್ಲ, ಮೊದಲು ಟ್ರಾಕ್ಟರ್ ಬಂತು. ಗುತ್ತಿಗೆದಾರನ ಮನುಷ್ಯ ಮುಂದೆ ನಿಂತು ಕೈ ಬೀಸಿ ಹಿಂದಕ್ಕೆ ಕರೆದ. ಒಂದು ಟ್ರೇಲರ್ ಮುರುಮು ಬಾವಿಯ ಪಡುವಣ ದಂಡೆಗೆ ಬಿತ್ತು. ಕಲ್ಲುಗಳು ನೀರಿಗೆ ಬಿದ್ದ ಸದ್ದು ಕೇಳಿತು. ನಾನು ಕನ್ನಡಕ ಹುಡುಕುತ್ತಿದ್ದೆ.

ಟ್ರಾಕ್ಟರ್ ಎರಡನೆಯ ಸಲ ತುಂಬಿಕೊಂಡು ಬರುವಷ್ಟರಲ್ಲಿ ಹೆಂಗಸರು ಓಣಿಯ ಬಾಯಿಗೆ ಬಂದಿದ್ದರು. ಯಾರೂ ಕೂಗಲಿಲ್ಲ. ಕೃಷ್ಣವ್ವನ ಉಡಿಯಲ್ಲಿ ಭಂಡಾರವಿತ್ತು. ಜುಬೇದಾಬಿಯ ಕೈಯಲ್ಲಿ ನಮ್ಮ ಮನೆಯ ಹಿಟ್ಟಿನ ಬುಟ್ಟಿ, ಅದರ ತುಂಬ ಭಂಡಾರ. ಈ ಗೋಡೆಯಿಂದ ಆ ಗೋಡೆಯವರೆಗೆ ದಾರಿಯ ಅಡ್ಡಕ್ಕೆ, ಮೊಳದಗಲ ಸುರಿದರು. ಸುರಿದು ಪಕ್ಕಕ್ಕೆ ನಿಂತು ಸೆರಗು ಸರಿಮಾಡಿಕೊಂಡರು.

ಟ್ರಾಕ್ಟರ್ ಓಡಿಸುವವನು ಬೀರಪ್ಪ, ನೇಸರಗಿಯವನು. ಹಳದಿ ಕಂಡು ಬ್ರೇಕು ಹಾಕಿದ. ಇಪ್ಪತ್ತೊಂಬತ್ತು ವರ್ಷ ಬ್ರೇಕು ಹಾಕಿದವನು ಹೇಳುತ್ತೇನೆ, ಅದು ಅನುಮಾನದ ಬ್ರೇಕಲ್ಲ. ಇಂಜಿನ್ನು ಆರಿಸಿ, ಕಾಲಿನ ಚಪ್ಪಲಿ ಕಳೆದು ಕೆಳಗಿಳಿದ.

“ಏ, ಯಾಕ ಇಳದಿ? ಹೊಡಿ ಗಾಡಿ!” ಎಂದ ಗುತ್ತಿಗೆದಾರನ ಮನುಷ್ಯ.

“ನೀನ ಹೊಡಿ ಬಾ.”

“ಅರಿಶಿಣ ಪುಡಿಗೆ ಅಂಜತಿ ಏನೋ?”

“ನಮ್ಮ ಮನಿದೇವರಿಗೂ ಇದ ಭಂಡಾರ. ಇದರ ಮ್ಯಾಲ ಗಾಲಿ ಹಾಯಿಸಿ ಮನಿಗೆ ಹೋದ್ರ ನಮ್ಮವ್ವ ಒಳಗ ಕರಕೊಳ್ಳೂದಿಲ್ಲ. ನಿನಗ ಅವ್ವ ಇಲ್ಲೇನು?”

ಹೆಂಗಸರು ಆಗ ನಕ್ಕರು. ಆ ಮನುಷ್ಯ ಕೀಲಿ ಕಸಿದುಕೊಂಡು ತಾನೇ ಹತ್ತಿ ಕುಳಿತ. ಚಾಲೂ ಮಾಡಿದ. ಗೇರು ಹಾಕಿದ. ಮುಂದಿನ ಗಾಲಿ ಹಳದಿಯಿಂದ ಗೇಣು ದೂರವಿತ್ತು. ರಾಯವ್ವ ಕೋಲೂರಿಕೊಂಡು ನೋಡುತ್ತಿದ್ದಳು. ಅವನು ಆಕೆಯ ಮುಖ ನೋಡಿದ, ಕೆಳಗೆ ನೋಡಿದ, ಮತ್ತೆ ಇಂಜಿನ್ನು ಆರಿಸಿದ.

ಇಂಜಿನಿಯರರು ಹನ್ನೊಂದಕ್ಕೆ ಬಂದರು. ತರುಣರು, ದಾವಣಗೆರೆ ಕಡೆಯವರು. ಏನು ಇದೆಲ್ಲ ಎಂದು ಕೇಳಿದರು. ನಾನು ಏಳು ಪುಟ ತೆಗೆದೆ. ಕೃಷ್ಣವ್ವ, “ಕಾಕಾ, ನೀವು ತಡೀರಿ,” ಎಂದು ತಾನೇ ಹೇಳಿದಳು. ನಾಲ್ಕು ಮಾತಿನಲ್ಲಿ ಮುಗಿಸಿದಳು. ಅವರು ಬರೆದುಕೊಂಡರು. ‘ಸ್ಥಳದಲ್ಲಿ ವಿರೋಧವಿದೆ. ಗ್ರಾಮಸಭೆಯ ಹೊಸ ಠರಾವು ಬರುವವರೆಗೆ ಕಾಮಗಾರಿ ನಿಲ್ಲಿಸಿದೆ.’

ಮುರುಮಿನ ಗುಡ್ಡೆ ದಂಡೆಯ ಮೇಲೆ ಹಾಗೆಯೇ ಇದೆ. ಇವತ್ತು ನೀರು ಕೆಂಪಗಿದೆ, ತಿಳಿಯಾಗಲು ವಾರ ಬೇಕು. ಅಕ್ಟೋಬರ್ 2ಕ್ಕೆ ಗ್ರಾಮಸಭೆ. ಅಲ್ಲಿ ಸರಿಯಾಗಿ ಬರೆಯದಿದ್ದರೆ ಟ್ರಾಕ್ಟರ್ ಮತ್ತೆ ಬರುತ್ತದೆ, ಆಗ ಬೀರಪ್ಪ ಇರುವುದಿಲ್ಲ. ರಜೆ ಮುಗಿಸಿ ಬೆಳಗಾವಿಗೆ ಹೋದ ಮೇಲೆ ನೀವೇ ಬಂದು ನಡೆಸಿಕೊಡಬೇಕು.

ರಹಿಮಾನಸಾಬ


ಚಚಡಿ
15 ಸೆಪ್ಟೆಂಬರ್ 2005

ಕಾಕಾ,

ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಬೀರಪ್ಪನ ಮಾತು ಬಂದಾಗ ಮತ್ತೊಮ್ಮೆ ಓದು ಎಂದಳು.

ನಾನು ರಜೆಯಲ್ಲಿಲ್ಲ. ಆಗಸ್ಟ್ ಹದಿನೇಳಕ್ಕೆ ನನ್ನ ಕೆಲಸ ಮುಗಿಯಿತು. ಸುಳ್ಳು ವರದಿ ಬರೆದದ್ದಕ್ಕೆ ಎಂದು ಕಾರಣ ಕೊಟ್ಟಿದ್ದಾರೆ, ಅದು ನಿಜವೂ ಹೌದು. ನಿಮ್ಮ ಹೇಳಿಕೆಯಿಂದ ಹೀಗಾಯಿತು ಎಂದುಕೊಳ್ಳಬೇಡಿ. ಮೊದಲ ದಿನವೇ ನಿಜ ಬರೆದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು.

ಗ್ರಾಮಸಭೆಗೆ ನಾನು ಬರುವುದಿಲ್ಲ. ನನ್ನನ್ನು ಅಲ್ಲಿ ಕಂಡರೆ ಎಲ್ಲವನ್ನೂ ಆಕೆಯೇ ಹೇಳಿಕೊಟ್ಟಳು ಎನ್ನುತ್ತಾರೆ, ಠರಾವಿಗೆ ಬೆಲೆ ಇರುವುದಿಲ್ಲ. ನೀವೇ ನಡೆಸಿರಿ. ನಕ್ಷೆಯನ್ನು ಮತ್ತೆ ಬಿಡಿಸಲಿ. ಯಾವುದಕ್ಕೆ ಯಾವ ಪುಡಿ ಎಂಬುದನ್ನು ಹೆಂಗಸರೇ ಗೊತ್ತುಮಾಡಲಿ, ಅದನ್ನು ಹಾಳೆಯ ತಲೆಯ ಮೇಲೆ ಬರೆಯಿರಿ. ಹೆಬ್ಬೆಟ್ಟು ಹಾಕಿಸುವ ಮೊದಲು ಪ್ರತಿ ಸಾಲನ್ನೂ ಓದಿರಿ.

ಇನ್ನೊಂದು ಮಾತು. ಪ್ರಶ್ನೆ ಕೇಳಿದ ಮೇಲೆ ನೂರರವರೆಗೆ ಮನಸ್ಸಿನಲ್ಲಿ ಎಣಿಸಿರಿ. ಅಲ್ಲಿಯವರೆಗೆ ಬಾಯಿ ತೆರೆಯಬೇಡಿ. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಅದೊಂದೇ ಒಳ್ಳೆಯ ಪಾಠ. ಆ ದಿನ ನಾನು ಹತ್ತರವರೆಗೂ ಎಣಿಸಲಿಲ್ಲ.

ಭಾಗೀರಥಿ


ಉಗರಗೋಳ
3 ಅಕ್ಟೋಬರ್ 2005

ತಂಗಿ ಭಾಗೀರಥಿ,

ನಿನ್ನ ಕೆಲಸದ ಸುದ್ದಿ ಓದಿ ನಾನು ಮತ್ತೆ ಒಂದು ಸಿಟ್ಟಿನ ಪತ್ರ ಬರೆದೆ, ಮುಖ್ಯಸ್ಥರಿಗೆ. ಅಂಚೆಗೆ ಹಾಕಿಲ್ಲ. ನೀನು ಹಾಕು ಎಂದರೆ ಹಾಕುತ್ತೇನೆ.

ನಿನ್ನೆ ಶಾಲೆಯ ಅಂಗಳದಲ್ಲಿ ಸಭೆ ನಡೆಯಿತು. ಸರ್ಕಾರದ ಕಡೆಯಿಂದ ಅದೇ ಇಂಜಿನಿಯರರೂ ಪಂಚಾಯತಿ ಕಾರ್ಯದರ್ಶಿಯೂ ಇದ್ದರು. ನೀನು ಹೇಳಿದಂತೆ ಮೊದಲು ಪುಡಿಗಳನ್ನು ಗೊತ್ತುಮಾಡಿದೆವು. ಇರುವುದಕ್ಕೆ ರಂಗೋಲಿ, ಹೊಸದಾಗಿ ಬೇಕಾದದ್ದಕ್ಕೆ ಕುಂಕುಮ, ಉಳಿಯಬೇಕಾದದ್ದಕ್ಕೆ ಭಂಡಾರ. ತೆಗೆಯಬೇಕಾದದ್ದಕ್ಕೆ ಏನು ಎಂದು ಕೇಳಿದೆ. “ಒಲಿ ಬೂದಿ ಹಾಕ್ರಿ,” ಎಂದಳು ರಾಯವ್ವ. ನಾಲ್ಕೂ ಸಾಲು ಓದಿದೆ. ಇನ್ನೊಮ್ಮೆ ಓದಿದೆ.

ನಕ್ಷೆಯ ಬಾವಿಗೆ ಭಂಡಾರ ಬಿತ್ತು. ನಲವತ್ತೊಂದಲ್ಲ, ಅರವತ್ತೆರಡು ಜನ ಹಾಕಿದರು. ಇಂಜಿನಿಯರರು ಬರೆದುಕೊಂಡರು: ಬಾವಿಯನ್ನು ಉಳಿಸುವುದು, ದಂಡೆಯ ಮುರುಮನ್ನು ಎತ್ತಿಸುವುದು, ವಾಹನಗಳಿಗೆ ಸವದತ್ತಿ ದಾರಿಯ ಗಾಯರಾಣದಲ್ಲಿ, ಅಂದರೆ ದನ ಮೇಯುವ ಸರ್ಕಾರಿ ಬಯಲಿನಲ್ಲಿ, ಜಾಗ ಕೊಡುವುದು. ಪುಟ 94 ಈ ಠರಾವಿನಿಂದ ರದ್ದಾಗುತ್ತದೆ ಎಂದು ಕೆಳಗೆ ಬರೆದು ಸಹಿ ಮಾಡಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಬೂದಿಯ ಬುಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. “ತೆಗೀಬೇಕಾದ್ದು ಏನರ ಐತೇನ್ರಿ?” ಎಂದು ಕೇಳಿ, ಮನಸ್ಸಿನಲ್ಲಿ ಎಣಿಸಲು ಶುರು ಮಾಡಿದೆ. ಇಪ್ಪತ್ತಕ್ಕೆ ಬಾಯಿ ತುರಿಸಿತು. ಎಂಬತ್ತಾರರ ಪಾಯಖಾನೆಯನ್ನು ನಾನೇ ನೆನಪು ಮಾಡಿಕೊಡಬೇಕು ಎನಿಸಿತು. ಮಾಡಲಿಲ್ಲ. ನಲವತ್ತಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರವತ್ತಮೂರಕ್ಕೆ ಜುಬೇದಾಬಿ ಎದ್ದಳು. ಬುಟ್ಟಿಯಿಂದ ಒಂದು ಹಿಡಿ ಬೂದಿ ತೆಗೆದುಕೊಂಡು, ನಕ್ಷೆಯ ಮೇಲಿನ ಪಾಯಖಾನೆಯನ್ನು ದಾಟಿ, ಟಾಕಿಯನ್ನು ದಾಟಿ, ಬಾವಿಯ ಎದುರಿನ ಕಟ್ಟೆಯ ಮೇಲೆ ಹಾಕಿದಳು.

ನಾನು ಮತ್ತೆ ಎಣಿಸಿದೆ. ಕೃಷ್ಣವ್ವ ಎದ್ದು ಹಾಕಿದಳು. ಆಮೇಲೆ ಸಾಲು ನಿಂತಿತು.

ಇಂಜಿನಿಯರರು ಯಾಕೆ ಎಂದು ಕೇಳಿದರು. “ಗಂಡಸರು ಅಲ್ಲಿ ಕುಂತ ಪೇಪರ ಓದತಾರ್ರಿ,” ಎಂದಳು ಕೃಷ್ಣವ್ವ. “ನಾವು ಹಗ್ಗ ಜಗ್ಗೂ ಮುಂದ ಸೆರಗ ಹಿಡಕೊಳ್ಳೂಣೋ, ಹಗ್ಗ ಹಿಡಕೊಳ್ಳೂಣೋ? ಏಳು ವರ್ಷ ಆತು, ಹರೇದ ಹೆಣ್ಣಮಕ್ಕಳು ಕತ್ತಲಿರತ ಎದ್ದ ಬಂದ ನೀರ ಒಯ್ತಾರ.”

ಅವರ ಮನಸ್ಸನ್ನು ಬಲ್ಲೆ ಎಂದು ಮೊದಲ ಪತ್ರದಲ್ಲಿ ಬರೆದಿದ್ದೆನಲ್ಲ. ಜುಬೇದಾಬಿ ಜುಲೈಯಲ್ಲಿಯೇ ಹೇಳಿದ್ದಳು. ಅದನ್ನೂ ನಿನಗೆ ಬರೆದಿದ್ದೆ, ನಕ್ಕೆ ಎಂದು.

ಠರಾವು ಬರೆದುಕೊಂಡ ಮೇಲೆ ಓದುವ ಕೆಲಸ ನನ್ನದೇ. ಬಾವಿಯ ಸಾಲು ಓದಿದೆ. ಗಾಯರಾಣದ ಸಾಲು ಓದಿದೆ. ‘ಬೇವಿನ ಮರವನ್ನು ಉಳಿಸಿ, ಅದರ ಸುತ್ತಲಿನ ಕಟ್ಟೆಯನ್ನು ತೆಗೆಯತಕ್ಕದ್ದು’ ಎಂಬ ಮೂರನೆಯ ಸಾಲಿಗೆ ಬಂದೆ. ಅದನ್ನು ಉಳಿದೆರಡರಷ್ಟೇ ಜೋರಾಗಿ ಓದಿದೆ. ಆಮೇಲೆ ಹೆಬ್ಬೆಟ್ಟುಗಳ ಕೆಳಗೆ, ಸಾಕ್ಷಿದಾರರ ಜಾಗದಲ್ಲಿ ಸಹಿ ಮಾಡಿದೆ.

ಇವತ್ತು ಬೆಳಿಗ್ಗೆ ಮಡಿವಾಳೆಪ್ಪನ ಅಂಗಡಿಯ ಹಿಂದೆ ಕುರ್ಚಿ ಹಾಕಿಕೊಂಡು ಪತ್ರಿಕೆ ಓದಿದೆ. ಅಲ್ಲಿಂದ ಬಾವಿ ಕಾಣುವುದಿಲ್ಲ. ಬಿಸಿಲು ಏರಿದ ಮೇಲೂ ರಾಟೆಯ ಸದ್ದು ಬರುತ್ತಿತ್ತು. ಈ ಹೊತ್ತಿನಲ್ಲಿ ಅದು ಇಷ್ಟೊಂದು ತಿರುಗುವುದನ್ನು ನಾನು ಏಳು ವರ್ಷದಲ್ಲಿ ಕೇಳಿರಲಿಲ್ಲ.

ರಹಿಮಾನಸಾಬ